ಕುಷ್ಠರೋಗಿಗಳ ತಂದೆ ಸಂತ ಡೇಮಿಯನ್

ಪ್ರೀತಿ ಎಂಬ ಮಾತು ಇಂದು ಎಲ್ಲರ ಬಾಯಲ್ಲೂ ಇದೆ. ಸಿನಿಮಾ ಹಾಡಿನಲ್ಲಿದೆ, ಮದುವೆ ಕಾಗದದಲ್ಲಿದೆ, ಆಟೋರಿಕ್ಷಾದ ಹಿಂದೆ ಬರೆಸಿದ್ದೂ ಇದೆ. ಮನಸ್ಸಿಗೆ ಹಿತ ಅನ್ನಿಸಿದ್ದಕ್ಕೆಲ್ಲ ಪ್ರೀತಿ ಅಂತಲೇ ಹೆಸರು. ಕಥೋಲಿಕ ಧರ್ಮಸಭೆ ಈ ಮಾತನ್ನು ಸ್ವಲ್ಪ ಬೇರೆ ರೀತಿಯಲ್ಲಿ ಹೇಳಿಕೊಡುತ್ತದೆ. ವಿಶ್ವಾಸ, ಭರವಸೆ, ಪ್ರೀತಿ ಇವು ದೇವರೇ ಮನುಷ್ಯನ ಆತ್ಮದಲ್ಲಿ ಬಿತ್ತುವ ಮೂರು ಸದ್ಗುಣಗಳು. ಇವುಗಳಲ್ಲಿ ಪ್ರೀತಿಗೇ ಮೊದಲ ಸ್ಥಾನ. ಪ್ರೀತಿಸುವುದು ಎಂದರೆ ಇನ್ನೊಬ್ಬರ ಒಳಿತನ್ನು ಬಯಸುವುದು ಎಂದು 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ವಿವರಿಸಿದರು. ಬಯಸುವುದು ಅಂದರೆ ಬರೀ ಆಸೆಪಡುವುದಲ್ಲ. ಮನಸ್ಸು ಗಟ್ಟಿ ಮಾಡಿಕೊಂಡು ಆ ಒಳಿತಿಗಾಗಿ ದುಡಿಯುವುದು. ಹಿತ ಅನ್ನಿಸಿದರೂ ಸರಿ, ಅಸಹ್ಯ ಅನ್ನಿಸಿದರೂ ಸರಿ.

ಧರ್ಮೋಪದೇಶದ ತರಗತಿಯಲ್ಲಿ ಕೇಳಿದಾಗ ಇದು ಒಣ ಪಾಠದ ಹಾಗೆ ಇರುತ್ತದೆ. ಫಾದರ್ ಡೇಮಿಯನ್ ಅವರ ಜೀವನದಲ್ಲಿ ನೋಡಿದವರಿಗೆ ಹಾಗೆ ಅನ್ನಿಸುವುದಿಲ್ಲ.

ವ್ಯಾಪಾರಿಯ ಮಗ

ಬೆಲ್ಜಿಯಂ ದೇಶದ ಟ್ರೆಮೆಲೊ ಎಂಬ ಹಳ್ಳಿಯಲ್ಲಿ 1840ರ ಜನವರಿ 3ರಂದು ಈ ಸಂತರು ಹುಟ್ಟಿದರು. ತಂದೆ ಡಿ ವೂಸ್ಟರ್ ಅವರದು ಬೇಸಾಯ, ಜೊತೆಗೆ ಧಾನ್ಯದ ವ್ಯಾಪಾರ. ತಾಯಿ ಆನ್ ಕ್ಯಾಥರಿನ್ ತುಂಬಾ ದೈವಭಕ್ತಿಯುಳ್ಳವರು. ಎಂಟು ಮಕ್ಕಳಲ್ಲಿ ಏಳನೆಯವನಾದ ಈ ಹುಡುಗನಿಗೆ ಜೋಸೆಫ್ ಎಂದು ಹೆಸರಿಟ್ಟರು. ಇಬ್ಬರು ಅಕ್ಕಂದಿರು ಕನ್ಯಾಮಠ ಸೇರಿದರು. ಅಣ್ಣ ಯೇಸು ಮತ್ತು ಮರಿಯಮ್ಮನವರ ಪವಿತ್ರ ಹೃದಯಗಳ ಸಭೆಗೆ ಸೇರಿ ಪ್ಯಾಂಫಿಲ್ ಎಂಬ ಹೆಸರು ಪಡೆದ. ಇನ್ನು ಅಂಗಡಿ ನೋಡಿಕೊಳ್ಳಲು ಉಳಿದವನು ಜೋಸೆಫ್ ಅಂತ ತಂದೆಯ ಲೆಕ್ಕ. ವ್ಯಾಪಾರಕ್ಕೆ ಬೇಕಾಗುತ್ತದೆ ಎಂದು ಫ್ರೆಂಚ್ ಭಾಷೆ ಕಲಿಯಲು ಹುಡುಗನನ್ನು ಬೇರೆ ಊರಿಗೂ ಕಳಿಸಿದರು. ಮಗ ಕಲಿತದ್ದು ಫ್ರೆಂಚ್, ತೀರ್ಮಾನ ಮಾಡಿದ್ದು ಮಾತ್ರ ಬೇರೆ. 1859ರ ಆರಂಭದಲ್ಲಿ ಲೂವೆನ್ ನಗರದ ಮಠದಲ್ಲಿದ್ದ ಅಣ್ಣನ ಬಳಿಗೆ ಹೋದವನು ಅಲ್ಲೇ ಉಳಿದುಬಿಟ್ಟ.

ಲ್ಯಾಟಿನ್ ಬಾರದ ಹುಡುಗ. ಆ ಕಾಲದಲ್ಲಿ ಲ್ಯಾಟಿನ್ ಇಲ್ಲದೆ ಯಾಜಕರಾಗುವ ಹಾಗಿರಲಿಲ್ಲ. ಆದ್ದರಿಂದ ಮೊದಲು ಅವರನ್ನು ಬ್ರದರ್ ಆಗಿ ಸೇರಿಸಿಕೊಂಡರು. ಅಣ್ಣನಿಂದ ಪದ ಪದವಾಗಿ ಕಲಿತು ಹಟದಿಂದ ಭಾಷೆ ಹಿಡಿದ ಮೇಲೆ ಯಾಜಕ ಶಿಕ್ಷಣಕ್ಕೆ ಅನುಮತಿ ಸಿಕ್ಕಿತು. ಹಳೆಯ ಕಾಲದ ವೈದ್ಯ ಸಂತರೊಬ್ಬರ ಹೆಸರನ್ನು ಅವರು ಆರಿಸಿಕೊಂಡು ಡೇಮಿಯನ್ ಆದರು. 1860ರ ಅಕ್ಟೋಬರ್ 7ರಂದು ಪ್ಯಾರಿಸ್‌ನಲ್ಲಿ ವ್ರತವಚನ ನೀಡಿದರು. ಆ ಸಭೆಯಲ್ಲಿ ಒಂದು ಪದ್ಧತಿ ಇತ್ತು. ವ್ರತ ಕೊಡುವವರು ನೆಲದ ಮೇಲೆ ಮಲಗುತ್ತಾರೆ, ಶವಪೆಟ್ಟಿಗೆಗೆ ಹೊದಿಸುವ ಕರಿ ಬಟ್ಟೆಯನ್ನು ಅವರ ಮೇಲೆ ಹರಡುತ್ತಾರೆ. ತನಗಾಗಿ ಬದುಕುವ ಬಾಳು ಅಲ್ಲಿಗೆ ಮುಗಿಯಿತು ಅಂತ ಅದರ ಅರ್ಥ. ಇಪ್ಪತ್ತರ ಹರೆಯದ ಡೇಮಿಯನ್ ಆ ಬಟ್ಟೆಯನ್ನು ಜೀವನಪೂರ್ತಿ ಮರೆಯಲಿಲ್ಲ.

ಅಣ್ಣನ ಬದಲಿಗೆ ತಮ್ಮ

1863ರಲ್ಲಿ ಪ್ಯಾಂಫಿಲ್ ಅವರನ್ನು ಪೆಸಿಫಿಕ್ ಸಾಗರದ ಹವಾಯಿ ದ್ವೀಪಗಳಿಗೆ ಧರ್ಮಪ್ರಚಾರಕ್ಕೆ ಕಳಿಸುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ಊರಿನಲ್ಲಿ ಟೈಫಸ್ ಜ್ವರ ಹರಡಿತು. ರೋಗಿಗಳ ಸೇವೆಗೆ ಹೋದ ಪ್ಯಾಂಫಿಲ್ ತಾವೇ ಹಾಸಿಗೆ ಹಿಡಿದರು. ತಮ್ಮ ಡೇಮಿಯನ್ ಸ್ಥಳೀಯ ಮೇಲಧಿಕಾರಿಯನ್ನು ಕೇಳದೆ ನೇರವಾಗಿ ಪ್ಯಾರಿಸ್‌ನ ಮಹಾಶ್ರೇಷ್ಠರಿಗೆ ಪತ್ರ ಬರೆದು, ಅಣ್ಣನ ಜಾಗದಲ್ಲಿ ತನ್ನನ್ನು ಕಳಿಸಬೇಕೆಂದು ಬೇಡಿದರು. ಇನ್ನೂ ಯಾಜಕರಾಗದವರು ಹೀಗೆ ನಡುವಿನವರನ್ನು ದಾಟಿ ಬರೆಯುವುದು ಶಿಸ್ತಿನ ಮಾತಲ್ಲ. ಆದರೂ ಅನುಮತಿ ಬಂತು. ಸುಮಾರು ಐದು ತಿಂಗಳ ಹಡಗು ಪ್ರಯಾಣ ಮುಗಿಸಿ 1864ರ ಮಾರ್ಚ್ 19ರಂದು, ಸಂತ ಜೋಸೆಫರ ಹಬ್ಬದ ದಿನವೇ, ಹೊನೊಲುಲು ಬಂದರಿನಲ್ಲಿ ಇಳಿದರು. ಮೇ 21ರಂದು ಅಲ್ಲಿನ ಪ್ರಧಾನ ದೇವಾಲಯದಲ್ಲಿ ಅವರಿಗೆ ಯಾಜಕದೀಕ್ಷೆ ಆಯಿತು.

ಮುಂದಿನ ಒಂಬತ್ತು ವರ್ಷ ಅವರು ಹವಾಯಿ ಎಂಬ ದೊಡ್ಡ ದ್ವೀಪದಲ್ಲಿ ಸೇವೆ ಮಾಡಿದರು. ಜ್ವಾಲಾಮುಖಿಯ ನೆಲ, ಆಳವಾದ ಕಣಿವೆಗಳು. ಕುದುರೆ ಮೇಲೆ, ಇಲ್ಲವೇ ಕಾಲ್ನಡಿಗೆಯಲ್ಲಿ ಊರಿಂದೂರಿಗೆ ಹೋಗಬೇಕು. ರೈತರ ಮನೆಯಲ್ಲಿ ಬೆಳೆದ ಗಟ್ಟಿ ಮೈ. ಗರಗಸ, ಸುತ್ತಿಗೆ ಹಿಡಿದು ಚಿಕ್ಕ ಚಿಕ್ಕ ದೇವಾಲಯಗಳನ್ನು ತಮ್ಮ ಕೈಯಿಂದಲೇ ಕಟ್ಟಿದರು. ಅಲ್ಲಿನ ಜನರ ಭಾಷೆಯನ್ನು ಚೆನ್ನಾಗಿ ಕಲಿತರು.

ಗೋಡೆಯಂಥ ಬೆಟ್ಟ

ಹವಾಯಿ ಆಗ ಸ್ವತಂತ್ರ ರಾಜ್ಯ, ಅದಕ್ಕೊಬ್ಬ ರಾಜ. ಹೊರಗಿನ ಹಡಗುಗಳ ಜೊತೆ ಬಂದ ರೋಗಗಳಿಂದ ಅಲ್ಲಿನ ಮೂಲ ಜನರು ಗುಂಪು ಗುಂಪಾಗಿ ಸಾಯುತ್ತಿದ್ದರು. ಕುಷ್ಠರೋಗವೂ ಹಾಗೆ ಬಂದದ್ದೇ. ಔಷಧಿ ಇರಲಿಲ್ಲ. 1865ರ ಜನವರಿ 3ರಂದು, ಅಂದರೆ ಡೇಮಿಯನ್ ಅವರಿಗೆ 25 ತುಂಬಿದ ದಿನ, ರೋಗಿಗಳನ್ನು ಬೇರ್ಪಡಿಸುವ ಕಾನೂನಿಗೆ ರಾಜ ಐದನೇ ಕಮೆಹಮೆಹ ಒಪ್ಪಿಗೆ ಕೊಟ್ಟರು. ಮೊಲೊಕಾಯಿ ದ್ವೀಪದ ಉತ್ತರಕ್ಕೆ ಕಲೌಪಾಪ ಎಂಬ ಒಂದು ನಾಲಿಗೆಯಂಥ ನೆಲ ಇದೆ. ಮೂರು ಕಡೆ ಅಬ್ಬರದ ಸಮುದ್ರ. ಹಿಂದೆ ಸುಮಾರು 2000 ಅಡಿ ಎತ್ತರದ ಕಡಿದಾದ ಬೆಟ್ಟ. ಪುಣ್ಯಕ್ಷೇತ್ರಕ್ಕೆ ಬರುವವರಿಗೆ ಬೆಟ್ಟ ಅಂದರೆ ಹತ್ತಿ ದೇವರ ದರ್ಶನ ಪಡೆಯುವ ಜಾಗ. ಅಲ್ಲಿನವರಿಗೆ ಅದು ಸೆರೆಮನೆಯ ಗೋಡೆ. 1866ರ ಜನವರಿ 6ರಂದು ಮೊದಲ 12 ರೋಗಿಗಳನ್ನು ಅಲ್ಲಿ ಇಳಿಸಲಾಯಿತು. ಅವರೇ ಬೆಳೆದು ಉಣ್ಣಬೇಕು ಎಂಬುದು ಸರ್ಕಾರದ ಲೆಕ್ಕಾಚಾರ. ಬೆರಳು ಮೊಂಡಾಗುತ್ತಿರುವ ಕೈಯಲ್ಲಿ ಗುದ್ದಲಿ ಹಿಡಿಯುವುದು ಹೇಗೆ ಅಂತ ಯಾರೂ ಯೋಚಿಸಲಿಲ್ಲ.

ಗಂಡನನ್ನು ಹೆಂಡತಿಯಿಂದ, ಮಗುವನ್ನು ತಾಯಿಯಿಂದ ಕಿತ್ತು ಹಡಗಿಗೆ ಹತ್ತಿಸುತ್ತಿದ್ದರು. ಆದರೆ ಕೆಲವರು ಬಿಡಲಿಲ್ಲ. ಮೈಯಲ್ಲಿ ಯಾವ ರೋಗವೂ ಇಲ್ಲದ ಹೆಂಡತಿ ಗಂಡನ ಹಿಂದೆ ಹೋದಳು, ಗಂಡ ಹೆಂಡತಿಯ ಹಿಂದೆ ಹೋದ, ಮಕ್ಕಳ ಹಿಂದೆ ತಾಯಂದಿರು ಹೋದರು. ಇವರಿಗೆ ಹವಾಯಿ ಭಾಷೆಯಲ್ಲಿ ಕೋಕುವಾ ಎಂದು ಹೆಸರು, ಅಂದರೆ ನೆರವಿಗೆ ನಿಂತವರು. ಡೇಮಿಯನ್ ಅವರ ಚರಿತ್ರೆ ಹೇಳುವಾಗ ಇವರನ್ನು ಮರೆಯುವುದು ಸರಿಯಲ್ಲ. ಯುರೋಪಿನಿಂದ ಬಂದ ಯಾಜಕರು ಕಲೌಪಾಪದಲ್ಲಿ ಕಾಲಿಡುವ ಏಳು ವರ್ಷ ಮೊದಲೇ ಅಲ್ಲಿ ಪ್ರೀತಿ ಇತ್ತು, ಹೆಸರು ಬರೆದಿಡದ ಬಡವರ ರೂಪದಲ್ಲಿ.

ಕೇದಗೆ ಮರದ ಕೆಳಗೆ

1873ರ ಮೇ ತಿಂಗಳ ಮೊದಲ ವಾರ ಮಾವಿ ಎಂಬ ದ್ವೀಪದಲ್ಲಿ ಹೊಸ ದೇವಾಲಯದ ಪ್ರತಿಷ್ಠೆಗೆ ಯಾಜಕರೆಲ್ಲ ಸೇರಿದ್ದರು. ಧರ್ಮಾಧ್ಯಕ್ಷ ಮೈಗ್ರೆ ಅವರು ಕಲೌಪಾಪದ ರೋಗಿಗಳ ವಿಷಯ ತೆಗೆದರು. ಯಾಜಕರಿಲ್ಲದೆ, ಸಂಸ್ಕಾರಗಳಿಲ್ಲದೆ ಜನ ಸಾಯುತ್ತಿದ್ದಾರೆ. ಆದರೆ ಅಲ್ಲಿಗೆ ಹೋಗು ಎಂದು ಯಾರಿಗೂ ಆಜ್ಞೆ ಮಾಡಲು ಅವರಿಗೆ ಮನಸ್ಸು ಬರಲಿಲ್ಲ. ಹೋಗಿ ಬಂದು ಸರದಿಯಲ್ಲಿ ಸೇವೆ ಮಾಡಲು ನಾಲ್ವರು ಮುಂದೆ ಬಂದರು. ಮೊದಲ ಸರದಿ ಡೇಮಿಯನ್ ಅವರದು. ಮೇ 10ರಂದು ಧರ್ಮಾಧ್ಯಕ್ಷರ ಜೊತೆಗೇ ಹಡಗಿನಲ್ಲಿ ಹೋಗಿ ಇಳಿದರು. ಆಗ ಅವರಿಗೆ 33 ವರ್ಷ. ಸರದಿ ಕೆಲವು ವಾರಗಳದ್ದು ಎಂದು ಮಾತಾಗಿತ್ತು. ಸ್ವಲ್ಪ ದಿನದಲ್ಲೇ, ತಾನು ಇಲ್ಲಿಯೇ ಉಳಿಯುತ್ತೇನೆ ಎಂದು ಅವರು ಮೇಲಧಿಕಾರಿಗಳಿಗೆ ಬರೆದರು. ಹದಿನಾರು ವರ್ಷ ಉಳಿದರು. ವ್ರತದ ದಿನ ಮೈಮೇಲೆ ಬಿದ್ದ ಆ ಕರಿ ಬಟ್ಟೆಯ ನೆನಪೇ ಈ ತೀರ್ಮಾನಕ್ಕೆ ಬಲ ಕೊಟ್ಟಿತು.

ಆಗ ಅಲ್ಲಿ ಆರುನೂರಕ್ಕೂ ಹೆಚ್ಚು ರೋಗಿಗಳಿದ್ದರು. ಹಿಂದಿನ ವರ್ಷ ಕಟ್ಟಿದ ಸಂತ ಫಿಲೋಮಿನಾ ಅವರ ಪುಟ್ಟ ದೇವಾಲಯ ಒಂದಿತ್ತು. ಯಾಜಕರಿಗೆ ಮನೆ ಇರಲಿಲ್ಲ. ಪಕ್ಕದಲ್ಲಿ ಒಂದು ಮರ ಇತ್ತು, ನಮ್ಮ ಕಡೆಯ ಕೇದಗೆಯ ಜಾತಿಗೆ ಸೇರಿದ್ದು. ಮೊದಲ ದಿನಗಳ ರಾತ್ರಿಗಳನ್ನು ಅವರು ಅದರ ಬುಡದಲ್ಲೇ ಕಳೆದರು.

ಇನ್ನು ಆ ಜಾಗದ ವಾಸನೆ. ಕೊಳೆತ ಗಾಯಗಳ ವಾಸನೆಗೆ ಅವರ ಹೊಟ್ಟೆ ತೊಳಸುತ್ತಿತ್ತು. ಬಲಿಪೂಜೆಯ ನಡುವೆ ಪೀಠ ಬಿಟ್ಟು ಹೊರಗೆ ಗಾಳಿಗೆ ಓಡಬೇಕು ಅನ್ನಿಸಿದ್ದೂ ಉಂಟು. ಬಟ್ಟೆಗೆ ಅಂಟಿಕೊಂಡ ವಾಸನೆ ತಡೆಯಲು ಪೈಪ್‌ನಲ್ಲಿ ಹೊಗೆಸೊಪ್ಪು ಸೇದುವುದನ್ನು ರೂಢಿ ಮಾಡಿಕೊಂಡರು. ಇದನ್ನೆಲ್ಲ ಅವರು ಮುಚ್ಚಿಡಲಿಲ್ಲ, ಮನೆಯವರಿಗೆ ಬರೆದ ಪತ್ರಗಳಲ್ಲೇ ಹೇಳಿಕೊಂಡಿದ್ದಾರೆ. ಸಂತರು ಅಂದರೆ ಗಾಯ ಕಂಡಾಗ ಗುಲಾಬಿ ವಾಸನೆ ಬರುತ್ತದೆ ಅಂದುಕೊಂಡವರು ಈ ಪತ್ರಗಳನ್ನು ತಿಳಿಯಬೇಕು. ಅಸಹ್ಯ ಇತ್ತು. ಅಸಹ್ಯ ಇರುವಾಗಲೇ ಅವರ ಕೈ ಗಾಯ ತೊಳೆಯುತ್ತಿತ್ತು. ಅಕ್ವಿನಾಸರ ಪಾಠ ಇಷ್ಟೇ: ಭಾವನೆ ಹಿಂದೆ ಉಳಿದರೂ ಮನಸ್ಸಿನ ನಿರ್ಧಾರ ಮುಂದೆ ನಡೆಯಬೇಕು.

ರೋಗಿಗಳನ್ನು ಮುಟ್ಟಬೇಡಿ, ಅವರ ಜೊತೆ ಉಣ್ಣಬೇಡಿ ಎಂಬುದು ಆ ಕಾಲದಲ್ಲಿ ಎಲ್ಲರೂ ಕೊಡುತ್ತಿದ್ದ ಎಚ್ಚರಿಕೆ. ಡೇಮಿಯನ್ ಅವರಿಗೂ ಅದು ಗೊತ್ತಿತ್ತು. ಆದರೆ ಹವಾಯಿ ಜನರಲ್ಲಿ ಕೆಸುವಿನ ಗಡ್ಡೆಯನ್ನು ಬೇಯಿಸಿ ಅರೆದು ಮಾಡಿದ ಪೋಯಿ ಎಂಬ ಹಿಟ್ಟಿನಂಥ ಊಟವನ್ನು ಒಂದೇ ಬುಂಡೆಯಿಂದ ಎಲ್ಲರೂ ಬೆರಳಿನಲ್ಲಿ ತೆಗೆದು ತಿನ್ನುತ್ತಿದ್ದರು. ಕರೆದಾಗ ಕೂರದೆ ಹೋದರೆ ಅದು ಅವಮಾನ. ಡೇಮಿಯನ್ ಕೂತರು. ಅದೇ ಬುಂಡೆಯಿಂದ ತಿಂದರು. ಪೈಪ್ ಕೇಳಿದವರಿಗೆ ಪೈಪ್ ಕೊಟ್ಟರು. ಸಾಯುವವರಿಗೆ ಅಭ್ಯಂಗ ಸಂಸ್ಕಾರ ಕೊಡುವಾಗ ಎಣ್ಣೆ ಹಚ್ಚಲು ಗಾಯವಿಲ್ಲದ ಚರ್ಮ ಹುಡುಕಬೇಕಾಗುತ್ತಿತ್ತು, ಹುಡುಕಿ ಬೆರಳಿಟ್ಟು ಹಚ್ಚಿದರು.

ನಾವು ಎಂಬ ಮಾತು

ಈ ಸಂತರ ಬಗ್ಗೆ ಎಲ್ಲ ಕಡೆ ಹೇಳುವ ಒಂದು ಕಥೆ ಇದೆ. ಒಂದು ಭಾನುವಾರ ಪ್ರಬೋಧನೆಯಲ್ಲಿ ಅವರು ಎಂದಿನಂತೆ ಸಹೋದರರೇ ಎನ್ನದೆ, ಕುಷ್ಠರೋಗಿಗಳಾದ ನಾವು ಎಂದು ಶುರುಮಾಡಿದರಂತೆ. ಆಗ ಜನರಿಗೆ ತಮ್ಮ ಫಾದರ್‌ಗೂ ರೋಗ ಬಂದಿದೆ ಅಂತ ಗೊತ್ತಾಯಿತಂತೆ. ಕೇಳಿದವರ ಕಣ್ಣಲ್ಲಿ ನೀರು ಬರುವ ಕಥೆ. ಆದರೆ ನಡೆದದ್ದು ಹಾಗಲ್ಲ, ಇನ್ನೂ ದೊಡ್ಡದು. ಅಲ್ಲಿಗೆ ಹೋದ ಆರೇ ತಿಂಗಳಿಗೆ, 1873ರ ನವೆಂಬರ್‌ನಲ್ಲಿ ಅಣ್ಣ ಪ್ಯಾಂಫಿಲ್ ಅವರಿಗೆ ಬರೆದ ಪತ್ರದಲ್ಲಿ ಅವರು ತಮ್ಮನ್ನು ರೋಗಿಗಳ ಜೊತೆ ಸೇರಿಸಿಕೊಂಡು ನಾವು ಎಂದೇ ಪ್ರಬೋಧನೆ ಮಾಡುತ್ತಿರುವುದಾಗಿ ತಿಳಿಸಿದ್ದಾರೆ. ಆಗ ಅವರ ಮೈಯಲ್ಲಿ ಒಂದು ಕಲೆಯೂ ಇರಲಿಲ್ಲ. ರೋಗ ಖಚಿತವಾಗಲು ಇನ್ನೂ ಹನ್ನೊಂದು ಹನ್ನೆರಡು ವರ್ಷ ಬಾಕಿ ಇತ್ತು.

ಪ್ರಬೋಧನೆ ನಡೆಯುತ್ತಿದ್ದುದು ಹವಾಯಿ ಭಾಷೆಯಲ್ಲಿ. ಆ ಭಾಷೆಯಲ್ಲಿ ನಾವು ಎನ್ನಲು ಎರಡು ಬೇರೆ ಬೇರೆ ಪದಗಳಿವೆ. ಕೇಳುವವರನ್ನೂ ಸೇರಿಸಿಕೊಳ್ಳುವ ನಾವು ಒಂದು, ಕೇಳುವವರನ್ನು ಹೊರಗಿಟ್ಟು ಹೇಳುವ ನಾವು ಇನ್ನೊಂದು. ತುಳು, ತೆಲುಗು ಬಲ್ಲವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. ಸರ್ಕಾರದ ಕಾನೂನು ಎರಡನೆಯ ನಾವು. ಡೇಮಿಯನ್ ಅವರದು ಮೊದಲನೆಯದು. ದೇವರು ಮನುಷ್ಯರ ಮೇಲಿನ ಪ್ರೀತಿಯಿಂದ ತಾವೇ ಮನುಷ್ಯರಾದರು ಎಂಬುದು ಕ್ರೈಸ್ತ ವಿಶ್ವಾಸದ ಬುನಾದಿ. ಮೇಲೆ ನಿಂತು ಕೈ ಚಾಚುವುದು ದಯೆ, ಕೆಳಗಿಳಿದು ಜೊತೆಗೆ ಕೂರುವುದು ಪ್ರೀತಿ ಎಂದು ಹೇಳುವುದು ಆ ಬುನಾದಿಯ ಮೇಲೆಯೇ.

ಸುತ್ತಿಗೆ, ಕೊಳವೆ, ಕೊಂಬುಕಹಳೆ

ಪ್ರೀತಿ ಬರೀ ಕಣ್ಣೀರು ಅಲ್ಲ ಎಂಬುದಕ್ಕೆ ಅವರ ಕೆಲಸಗಳ ಪಟ್ಟಿ ನೋಡಿದರೆ ಸಾಕು. ಜನ ದೂರದಿಂದ ನೀರು ಹೊತ್ತು ತರುತ್ತಿದ್ದರು, ಕೈಕಾಲು ಬಿದ್ದವರು ಬಾಯಾರಿ ಸಾಯುತ್ತಿದ್ದರು. ಕಣಿವೆಯಿಂದ ಕೊಳವೆ ಹಾಕಿಸಿ ಊರಿಗೆ ನೀರು ತಂದರು. 1874ರಲ್ಲಿ ಬಿರುಗಾಳಿಗೆ ಹುಲ್ಲಿನ ಗುಡಿಸಲುಗಳು ಹಾರಿಹೋದವು. ಸರ್ಕಾರದ ಬೆನ್ನು ಹತ್ತಿ ಹಲಗೆ ತರಿಸಿಕೊಂಡು ಮರದ ಮನೆಗಳನ್ನು ಕಟ್ಟಿದರು, ಕೈಲಾದ ರೋಗಿಗಳೂ ಕೈಜೋಡಿಸಿದರು. ಅನಾಥ ಹುಡುಗರಿಗೂ ಹುಡುಗಿಯರಿಗೂ ಬೇರೆ ಬೇರೆ ಮನೆ ಮಾಡಿದರು.

ಮೊದಲೆಲ್ಲ ಸತ್ತವರನ್ನು ಪೆಟ್ಟಿಗೆ ಇಲ್ಲದೆ ಆಳವಿಲ್ಲದ ಗುಂಡಿಯಲ್ಲಿ ಹೂಳುತ್ತಿದ್ದರು. ಡೇಮಿಯನ್ ಶವಪೆಟ್ಟಿಗೆ ಮಾಡಲು ಕೂತರು. ಸ್ಮಶಾನಕ್ಕೆ ಬೇಲಿ ಹಾಕಿಸಿದರು. ಶವಸಂಸ್ಕಾರಕ್ಕೆಂದೇ ಒಂದು ಸಂಘ ಮಾಡಿ, ಮೆರವಣಿಗೆ, ವಾದ್ಯ, ಹಾಡುಗಳೊಂದಿಗೆ ಮಣ್ಣು ಮಾಡುವ ಏರ್ಪಾಡು ಮಾಡಿದರು. ಕಸದಂತೆ ಎಸೆದವರನ್ನು ಮನುಷ್ಯರಂತೆ ಬೀಳ್ಕೊಡಬೇಕು ಎಂಬುದು ಅವರ ಹಟ. ಹಿತ್ತಾಳೆ ವಾದ್ಯಗಳ ಬ್ಯಾಂಡ್ ಕಟ್ಟಿದರು, ಗಾಯನ ವೃಂದ ಕಟ್ಟಿದರು. ಕೈಗಳಲ್ಲಿ ಬೆರಳು ಸಾಲದೆ ಇಬ್ಬರು ಒಟ್ಟಿಗೆ ಕೂತು ಒಂದೇ ಆರ್ಗನ್ ನುಡಿಸುತ್ತಿದ್ದರು ಅಂತ ಅಲ್ಲಿಗೆ ಹೋದವರು ಹೇಳಿದ್ದುಂಟು. ಪರಮಪ್ರಸಾದದ ಆರಾಧನೆಗೆ ರೋಗಿಗಳು ಪಾಳಿ ಹಾಕಿಕೊಂಡು ದೇವಾಲಯಕ್ಕೆ ಬರುತ್ತಿದ್ದರು.

ಅವರು ಮೆತ್ತನೆಯ ಮನುಷ್ಯ ಅಲ್ಲ ಅನ್ನುವುದನ್ನೂ ಹೇಳಬೇಕು. ಮೂಗಿನ ತುದಿಯಲ್ಲಿ ಸಿಟ್ಟು. ಕಳ್ಳಭಟ್ಟಿ ಕುಡಿದು ಗಲಾಟೆ ಮಾಡುವಲ್ಲಿಗೆ ಕೋಲು ಹಿಡಿದು ನುಗ್ಗುತ್ತಿದ್ದರು. ಹಲಗೆಗಾಗಿ, ಬಟ್ಟೆಗಾಗಿ, ಊಟಕ್ಕಾಗಿ ಆರೋಗ್ಯ ಮಂಡಳಿಯ ಜೊತೆ ವರ್ಷಗಟ್ಟಲೆ ಜಗಳ. ಜೊತೆಗೆ ಕಳಿಸಿದ ಯಾಜಕರಿಗೂ ಅವರಿಗೂ ಹೊಂದಾಣಿಕೆ ಆಗಲಿಲ್ಲ. ಪತ್ರಿಕೆಗಳಲ್ಲಿ ಹೆಸರು ಬಂದು, ದೂರದ ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿಯೊಬ್ಬರು ಹಣ ಕೂಡಿಸಿ ಕಳಿಸಿದಾಗ, ಹೆಸರಿಗಾಗಿ ಮಾಡುತ್ತಿದ್ದಾರೆ ಎಂಬ ಗುಮಾನಿ ಅವರ ಸ್ವಂತ ಸಭೆಯ ಮೇಲಧಿಕಾರಿಗಳಿಗೇ ಬಂತು. ರೋಗಕ್ಕಿಂತ ಈ ಮಾತು ಅವರನ್ನು ಹೆಚ್ಚು ನೋಯಿಸಿತು. 1881ರಲ್ಲಿ ರಾಜಕುಮಾರಿ ಲಿಲಿಯುಕಲಾನಿ ಅಲ್ಲಿಗೆ ಬಂದು ರೋಗಿಗಳನ್ನು ಕಂಡು ದುಃಖ ತಡೆಯಲಾರದೆ ಹೋದರು, ಆಮೇಲೆ ಡೇಮಿಯನ್ ಅವರಿಗೆ ರಾಜ್ಯದ ಪದಕ ಕೊಡಿಸಿದರು. ಆ ಪದಕವನ್ನು ಅವರು ಧರಿಸುತ್ತಿದ್ದುದೇ ಅಪರೂಪ.

ದೋಣಿಯಿಂದ ಪಾಪನಿವೇದನೆ

ಅವರಿಗೆ ಬಹಳ ಕಷ್ಟವಾದದ್ದು ಒಂಟಿತನ. ಕಥೋಲಿಕ ಯಾಜಕರೂ ಇನ್ನೊಬ್ಬ ಯಾಜಕರ ಬಳಿ ಪಾಪನಿವೇದನೆ ಮಾಡಲೇಬೇಕು, ತನ್ನ ಪಾಪಕ್ಕೆ ತಾನೇ ಕ್ಷಮೆ ಕೊಟ್ಟುಕೊಳ್ಳುವ ಹಾಗಿಲ್ಲ. ಅಲ್ಲಿ ಇನ್ನೊಬ್ಬ ಯಾಜಕ ಇರಲಿಲ್ಲ. ಹೋದ ವರ್ಷವೇ ಅಧಿಕಾರಿಗಳು, ಡೇಮಿಯನ್ ಆ ಜಾಗ ಬಿಟ್ಟು ಹೊರಬರಬಾರದು ಎಂದು ಕಟ್ಟಳೆ ಮಾಡಿದರು. ಒಮ್ಮೆ ಅವರ ಸಭೆಯ ಪ್ರಾಂತ್ಯಾಧಿಕಾರಿ ಹಡಗಿನಲ್ಲಿ ಬಂದರು. ಇಳಿಯಲು ಅವರಿಗೆ ಅಪ್ಪಣೆ ಸಿಗಲಿಲ್ಲ. ಡೇಮಿಯನ್ ದೋಣಿಯಲ್ಲಿ ಹಡಗಿನ ಹತ್ತಿರ ಹೋದರು, ಹತ್ತಲು ಬಿಡಲಿಲ್ಲ. ಆಗ ಕೆಳಗಿನ ದೋಣಿಯಿಂದಲೇ, ಹಡಗಿನ ಕಟಾಂಜನದ ಬಳಿ ನಿಂತ ಪ್ರಾಂತ್ಯಾಧಿಕಾರಿಗೆ ಕೇಳುವಂತೆ ಗಟ್ಟಿಯಾಗಿ ಫ್ರೆಂಚ್ ಭಾಷೆಯಲ್ಲಿ ತಮ್ಮ ಪಾಪಗಳನ್ನು ಕೂಗಿ ಹೇಳಿದರು. ಮೇಲಿನಿಂದ ಕ್ಷಮಾಪಣೆಯ ಆಶೀರ್ವಾದ ಬಂತು. ದೋಣಿ ಹಿಂದಿರುಗಿತು. ಪಾಪನಿವೇದನೆಯ ಪೀಠದ ಮುಂದೆ ಸಾಲಿನಲ್ಲಿ ನಿಲ್ಲಲು ನಾಚುವವರು ಈ ದೋಣಿಯನ್ನು ಒಮ್ಮೆ ನೆನೆದರೆ ತಪ್ಪಿಲ್ಲ. ಮುಂದೆ ಈ ಕಟ್ಟಳೆ ಸಡಿಲವಾಯಿತು.

ಬಿಸಿನೀರು

1884ರ ಡಿಸೆಂಬರ್. ದಣಿದ ಕಾಲನ್ನು ಬಿಸಿನೀರಿಗೆ ಇಟ್ಟರು. ನೀರು ಕುದಿಯುವಷ್ಟು ಬಿಸಿ ಇತ್ತು, ಚರ್ಮದಲ್ಲಿ ಬೊಬ್ಬೆ ಎದ್ದಿತು. ನೋವು ಮಾತ್ರ ಆಗಲಿಲ್ಲ. ಹನ್ನೊಂದು ವರ್ಷ ರೋಗಿಗಳ ನಡುವೆ ಇದ್ದವರಿಗೆ ಇದರ ಅರ್ಥ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮುಂದಿನ ವರ್ಷ ವೈದ್ಯರೂ ಖಚಿತ ಮಾಡಿದರು.

ಎಚ್ಚರ ವಹಿಸದೆ ರೋಗ ತಂದುಕೊಂಡದ್ದು ಪ್ರೀತಿಯೋ ಮೂರ್ಖತನವೋ ಎಂದು ಅಂದೂ ಕೇಳಿದರು, ಇಂದೂ ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಶರೀರ ದೇವರ ದಾನ, ಅದನ್ನು ಕಾಪಾಡಿಕೊಳ್ಳುವುದು ಕರ್ತವ್ಯ ಎಂದು ಧರ್ಮಸಭೆ ಕಲಿಸುತ್ತದೆ. ಡೇಮಿಯನ್ ರೋಗವನ್ನು ಹುಡುಕಿಕೊಂಡು ಹೋದವರಲ್ಲ. 1886ರಲ್ಲಿ ಹೊನೊಲುಲು ಆಸ್ಪತ್ರೆಗೆ ಹೋಗಿ ಜಪಾನಿನ ಗೋಟೋ ಪದ್ಧತಿಯ ಬಿಸಿನೀರಿನ ಸ್ನಾನ, ಔಷಧಿ ಎಲ್ಲ ಮಾಡಿಸಿಕೊಂಡರು. ವಾಸಿಯಾಗಬೇಕು ಎಂಬ ಆಸೆ ಅವರಿಗಿತ್ತು. ಆದರೆ ಜನರನ್ನು ದೂರವಿಟ್ಟು ಉಳಿಸಿಕೊಳ್ಳುವ ಆರೋಗ್ಯ ಅವರಿಗೆ ಬೇಡವಾಗಿತ್ತು. ಕುಷ್ಠರೋಗದ ಕ್ರಿಮಿಯನ್ನು ನಾರ್ವೆಯ ವೈದ್ಯ ಹ್ಯಾನ್ಸೆನ್ ಕಂಡುಹಿಡಿದದ್ದು 1873ರಲ್ಲಿ, ಡೇಮಿಯನ್ ಮೊಲೊಕಾಯಿಗೆ ಹೋದ ವರ್ಷವೇ. ಈ ರೋಗ ಸುಲಭವಾಗಿ ಅಂಟುವುದಿಲ್ಲ, ಹೆಚ್ಚಿನ ಜನರ ಮೈಗೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇದೆ ಎಂದು ಇಂದು ಗೊತ್ತು. ಮಾತ್ರೆಗಳಿಂದ ಪೂರ್ತಿ ವಾಸಿಯಾಗುತ್ತದೆ. ಅಂದು ಇದ್ಯಾವುದೂ ತಿಳಿದಿರಲಿಲ್ಲ.

ರೋಗ ಬಂದ ಮೇಲೆ ಅವರು ಕೆಲಸದ ವೇಗ ಹೆಚ್ಚಿಸಿದರು. ದೇವಾಲಯವನ್ನು ದೊಡ್ಡದು ಮಾಡುವ ಕೆಲಸ ಕೈಗೆತ್ತಿಕೊಂಡರು. ಕೊನೆಗಾಲದಲ್ಲಿ ನೆರವೂ ಬಂತು. 1886ರ ಜುಲೈಯಲ್ಲಿ ಅಮೆರಿಕದ ಮಾಜಿ ಸೈನಿಕ ಜೋಸೆಫ್ ಡಟನ್ ಬಂದರು, ತಮ್ಮ ಹಳೆಯ ಬಾಳಿನ ಪ್ರಾಯಶ್ಚಿತ್ತಕ್ಕೆಂದು ಬಂದವರು 1931ರಲ್ಲಿ ಸಾಯುವ ಕಾಲದವರೆಗೂ ಆ ಸೇವೆ ಬಿಡಲಿಲ್ಲ. 1888ರ ನವೆಂಬರ್‌ನಲ್ಲಿ ಫ್ರಾನ್ಸಿಸ್ಕನ್ ಸಭೆಯ ಮದರ್ ಮೇರಿಯನ್ ಕೋಪ್ ತಮ್ಮ ಸಿಸ್ಟರ್‌ಗಳ ಜೊತೆ ಬಂದಿಳಿದು ಹೆಣ್ಣುಮಕ್ಕಳ ಹೊಣೆ ಹೊತ್ತರು. ತಾನು ಹೋದರೆ ಮಕ್ಕಳ ಗತಿ ಏನು ಅಂತ ಕೊರಗುತ್ತಿದ್ದ ಡೇಮಿಯನ್ ಅವರ ಮನಸ್ಸು ಹಗುರವಾಯಿತು. ಈ ತಾಯಿಗೂ 2012ರಲ್ಲಿ ಸಂತ ಪದವಿ ಸಿಕ್ಕಿತು.

1889ರ ಏಪ್ರಿಲ್ 15, ಪವಿತ್ರ ವಾರದ ಸೋಮವಾರ, ಫಾದರ್ ಡೇಮಿಯನ್ ಪ್ರಭುವಿನಲ್ಲಿ ನಿದ್ರಿಸಿದರು. 49 ವರ್ಷ. ಅವರು ಮೊದಲ ರಾತ್ರಿಗಳನ್ನು ಕಳೆದ ಅದೇ ಕೇದಗೆ ಮರದ ಬುಡದಲ್ಲಿ ಅವರನ್ನು ಮಣ್ಣು ಮಾಡಿದರು.

ಸತ್ತ ಮೇಲೂ ನಿಂದೆ ತಪ್ಪಲಿಲ್ಲ. ಹೊನೊಲುಲುವಿನ ಪ್ರೊಟೆಸ್ಟಂಟ್ ಪಾದ್ರಿ ಹೈಡ್ ಎಂಬವರು, ಡೇಮಿಯನ್ ಒರಟ, ಕೊಳಕ, ಶೀಲವಿಲ್ಲದವ ಎಂಬರ್ಥದಲ್ಲಿ ಬರೆದ ಪತ್ರ ಪತ್ರಿಕೆಯಲ್ಲಿ ಅಚ್ಚಾಯಿತು. ಇದಕ್ಕೆ ಉತ್ತರ ಕೊಟ್ಟವರು ಕಥೋಲಿಕರಲ್ಲ. ನಿಧಿಯ ದ್ವೀಪದ ಕಥೆ ಬರೆದ ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಲೂಯಿ ಸ್ಟೀವನ್ಸನ್. ಪ್ರೊಟೆಸ್ಟಂಟ್ ಮನೆತನದವರು. ಡೇಮಿಯನ್ ತೀರಿಕೊಂಡ ಮರುತಿಂಗಳೇ ಕಲೌಪಾಪಕ್ಕೆ ಹೋಗಿ ರೋಗಿಗಳ ಜೊತೆ ಮಾತಾಡಿ ಬಂದಿದ್ದರು. 1890ರಲ್ಲಿ ಅವರು ಬರೆದ ಬಹಿರಂಗ ಪತ್ರದಲ್ಲಿ ಡೇಮಿಯನ್ ಅವರ ಒರಟುತನವನ್ನು ಅಲ್ಲಗಳೆಯಲಿಲ್ಲ. ಹೈಡ್ ತಮ್ಮ ಚೆಂದದ ಮನೆಯಲ್ಲಿ ಕೂತಿದ್ದಾಗ ಆ ಒರಟ ಮನುಷ್ಯ ಎಲ್ಲಿದ್ದರು ಎಂಬುದನ್ನು ಎತ್ತಿ ತೋರಿಸಿದರು.

ಸಂತ ಪದವಿ

1936ರಲ್ಲಿ ಬೆಲ್ಜಿಯಂ ಸರ್ಕಾರ ಕೇಳಿಕೊಂಡ ಮೇರೆಗೆ ಅವರ ಪಾರ್ಥಿವ ಶರೀರವನ್ನು ತಾಯ್ನಾಡಿಗೆ ಒಯ್ದರು. ಆಂಟ್‌ವರ್ಪ್ ಬಂದರಿನಲ್ಲಿ ರಾಜರೇ ಬಂದು ಬರಮಾಡಿಕೊಂಡರು, ಲೂವೆನ್ ನಗರದಲ್ಲಿ ಸಮಾಧಿಯಾಯಿತು. ಕಲೌಪಾಪದ ಜನರಿಗೆ ಅದು ತಂದೆಯನ್ನು ಎರಡನೇ ಸಲ ಕಳೆದುಕೊಂಡ ದುಃಖ. 1946ರಿಂದ ಸಲ್ಫೋನ್ ಔಷಧಿ ಅಲ್ಲಿಗೆ ತಲುಪಿ ರೋಗ ವಾಸಿಯಾಗತೊಡಗಿತು. ಬೇರ್ಪಡಿಸುವ ಕಾನೂನು 1969ರಲ್ಲಿ ಕೊನೆಯಾಯಿತು. ಅಷ್ಟರಲ್ಲಿ ಸುಮಾರು 8000 ಜನರನ್ನು ಆ ನೆಲಕ್ಕೆ ಕಳಿಸಲಾಗಿತ್ತು.

ಜಗದ್ಗುರು ಎರಡನೇ ಜಾನ್ ಪಾಲ್ ಅವರು 1995ರ ಜೂನ್ 4ರಂದು ಬ್ರಸೆಲ್ಸ್‌ನಲ್ಲಿ ಡೇಮಿಯನ್ ಅವರನ್ನು ಪುನೀತರೆಂದು ಘೋಷಿಸಿದರು. ದೇವರು ಪ್ರೀತಿಯಾಗಿದ್ದಾರೆ ಎಂಬ ವಿಷಯದ ಮೇಲೆಯೇ 2005ರಲ್ಲಿ ತಮ್ಮ ಮೊದಲ ವಿಶ್ವಪತ್ರ ಬರೆದ ಜಗದ್ಗುರು ಹದಿನಾರನೇ ಬೆನೆಡಿಕ್ಟ್ ಅವರು, 2009ರ ಅಕ್ಟೋಬರ್ 11ರಂದು ರೋಮ್‌ನಲ್ಲಿ ಸಂತ ಪದವಿ ನೀಡಿದರು. ಕಲೌಪಾಪದಲ್ಲಿ ಬಾಳಿದ ವಯಸ್ಸಾದ ರೋಗಿಗಳು ಕೆಲವರು ಸಮುದ್ರ ದಾಟಿ ರೋಮ್‌ಗೆ ಬಂದಿದ್ದರು. ಸಂತರ ಹಬ್ಬ ಸಾಮಾನ್ಯವಾಗಿ ಅವರು ತೀರಿಕೊಂಡ ದಿನ ಬರುತ್ತದೆ. ಸಂತ ಡೇಮಿಯನ್ ಅವರ ಸ್ಮರಣೆ ಮಾತ್ರ ಮೇ 10ರಂದು, ಅವರು ಕಲೌಪಾಪದಲ್ಲಿ ಹಡಗಿನಿಂದ ಇಳಿದ ದಿನ.

1995ರಲ್ಲಿ ಪುನೀತ ಪದವಿ ಸಿಕ್ಕಾಗ ಹವಾಯಿ ಜನ ತಮ್ಮ ಫಾದರ್ ಅವರ ಅವಶೇಷವನ್ನು ಕೇಳಿ ಪಡೆದರು. ಅವರಿಗೆ ಕೊಟ್ಟದ್ದು ಬಲಗೈ. ಅದನ್ನು ಮೊಲೊಕಾಯಿಗೆ ತಂದು, ಸಂತ ಫಿಲೋಮಿನಾ ದೇವಾಲಯದ ಪಕ್ಕದ ಆ ಹಳೆಯ ಸಮಾಧಿಯಲ್ಲೇ ಇಟ್ಟಿದ್ದಾರೆ.